ಇಂದಿನ ಧಮ್ಮ ಚಿಂತನೆ: ಗಾಜಿನ ಲೋಟ



ಕಳೆದ ವರ್ಷ ಸಮೀಕ್ಷೆ ಕೆಲಸಕ್ಕೆಂದು ಘಟ್ಟದ ಅಂಚಿನ ಹಳ್ಳಿಯೊಂದಕ್ಕೆ ಹೋಗಿದ್ದೆ. ಕೊನೆಯ ಬಸ್ಸು ತಪ್ಪಿತು. ಊರಿಗೆಲ್ಲ ಒಂದೇ ಅಂಗಡಿ. ಅಕ್ಕಿ, ಬೆಲ್ಲ, ಹಗ್ಗ, ಟಾರ್ಚಿನ ಸೆಲ್ಲು, ಎಲ್ಲ ಅಲ್ಲೇ. ಹಿಂದೆ, ಚಾರಣಕ್ಕೆ ಬರುವವರಿಗಾಗಿ ಕಟ್ಟಿಸಿದ ಮೂರು ಹೆಂಚಿನ ರೂಮು. ಒಂದು ಕೊಡಿ ಎಂದೆ.

ಯಜಮಾನರು ಬೀಗದ ಕೈ ಹಿಡಿದುಕೊಂಡೇ, "ಮೇಷ್ಟ್ರೇ, ನಿಮ್ಮದು ಯಾವ ಜನ?" ಎಂದರು.

ಬೆಳಗಿನಿಂದ ಮನೆಮನೆಯಲ್ಲಿ ಜಾತಿ ಕೇಳಿ ಬರೆದುಕೊಂಡವನು ನಾನೇ. ಆದರೂ ಗಂಟಲು ಒಣಗಿತು. ಹೊರಗೆ ಮಳೆ. ನನ್ನ ಹೆಸರಿನಲ್ಲಿ ಜಾತಿಯ ಗುರುತಿಲ್ಲ. ಏನು ಹೇಳಿದರೂ ನಡೆಯುತ್ತಿತ್ತು. 20 ವರ್ಷದ ಹಿಂದೆ ಬಾಡಿಗೆ ಮನೆಗಾಗಿ ಹಾಗೆ ಹೇಳಿಯೂ ಇದ್ದೆ. ಆ ಮನೆಯಲ್ಲಿದ್ದಷ್ಟು ದಿನ ಬಾಬಾಸಾಹೇಬರ ಫೋಟೊ ಟ್ರಂಕಿನೊಳಗೇ ಇತ್ತು.

"ನಾವು ಬೌದ್ಧರು. ಬಾಬಾಸಾಹೇಬರ ಜನ" ಎಂದೆ.

ಅವರು ತುಸು ಹೊತ್ತು ಸುಮ್ಮನಿದ್ದು ಬೀಗದ ಕೈ ಕೊಟ್ಟರು. ಆದರೆ ಬೆಂಚಿನ ಮೇಲಿದ್ದವರಿಗೆಲ್ಲ ಗಾಜಿನ ಲೋಟದಲ್ಲಿ ಟೀ, ನನಗೆ ಪೇಪರ್ ಕಪ್ಪು.

ರಾತ್ರಿ ನಿದ್ದೆ ಬರಲಿಲ್ಲ. ಬರೋಡಾ ನೆನಪಾಯಿತು. 1917ರಲ್ಲಿ, ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದ ಬಾಬಾಸಾಹೇಬರು ಅಲ್ಲಿ ತಂಗಲು ಜಾಗ ಸಿಗದೆ, ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿ ಛತ್ರದಲ್ಲಿ ಇರಬೇಕಾಯಿತು. 11ನೇ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಅಂಥ ನೋವು ಉಂಡವರೇ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. 15ನೇ ವಿಧಿ ತೆಗೆದು ನೋಡಿ: ಅಂಗಡಿಗಾಗಲಿ ಹೋಟೆಲಿಗಾಗಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದುಮಾಡಿತು.

ಎದ್ದು ಕೂತು ಉಸಿರನ್ನು ಗಮನಿಸಿದೆ. ಕೋಪ ಬಂದಿದೆ ಎಂದು ತಿಳಿದೆ. ಬೆಳಿಗ್ಗೆ ದನಿ ಏರಿಸದೆ ಹೇಳಿದೆ: "ಯಜಮಾನ್ರೇ, ನನಗೂ ಗಾಜಿನ ಲೋಟದಲ್ಲೇ ಕೊಡಿ." ಕೂತಿದ್ದವರು ತಿರುಗಿ ನೋಡಿದರು. ಯಜಮಾನರು ನನ್ನ ಮುಖ ನೋಡಲಿಲ್ಲ. ಲೋಟ ತೊಳೆದು ಟೀ ಹಾಕಿ ಕೊಟ್ಟರು. ನಾನು ಹೊರಟ ಮೇಲೆ ಆ ಲೋಟ ಏನಾಯಿತೋ ಗೊತ್ತಿಲ್ಲ.

ಬಂಧುಗಳೇ, ಸುಳ್ಳಾಡೆನು ಎಂಬ ನಾಲ್ಕನೆಯ ಶೀಲ ನಮ್ಮ ಪಾಲಿಗೆ ದುಬಾರಿ. ಅದಕ್ಕೆ ಕೆಲವೊಮ್ಮೆ ರೂಮು, ಮನೆ, ಸ್ನೇಹವನ್ನೇ ತೆರಬೇಕಾಗುತ್ತದೆ. ಭಯದಿಂದ ಮುಚ್ಚಿಟ್ಟವರನ್ನು ನಾನು ದೂರಲಾರೆ, ನಾನೂ ಅವರಲ್ಲೊಬ್ಬ. ಆದರೆ ಸಮ್ಮಾ ವಾಚಾ ಎಂದರೆ ಇದ್ದದ್ದನ್ನು ಹೇಳುವುದು, ಸಲ್ಲಬೇಕಾದ್ದನ್ನು ಕೇಳುವುದು, ಎರಡನ್ನೂ ಮೈತ್ರಿ ಬಿಡದೆ ಮಾಡುವುದು ಎಂದು ಆ ಅಂಗಡಿಯಲ್ಲಿ ಕಲಿತೆ.

ಇಂದು ಯಾರಾದರೂ ಸುತ್ತಿಬಳಸಿ ಜಾತಿ ಕೇಳಿದರೆ, ಒಂದು ಉಸಿರಿನಷ್ಟು ತಡೆದು ಉತ್ತರಿಸೋಣ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು. 🙏