ಧಾರಣೆ

ಕನ್ನಡದಲ್ಲಿ ಧಾರಣೆಯೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಶಿವಮೊಗ್ಗೆಯ ಅಡಿಕೆ ಮಂಡಿಯಲ್ಲಿ ಅದು ಆ ದಿನದ ಬೆಲೆ. ಪತಂಜಲಿ ಮಹರ್ಷಿಗಳ ಯೋಗಶಾಸ್ತ್ರದಲ್ಲಿ ಅದು ಎಂಟು ಅಂಗಗಳ ಪೈಕಿ ಆರನೆಯದು, ಅಲೆಯುವ ಚಿತ್ತವನ್ನು ಒಂದೆಡೆ ಕಟ್ಟಿ ನಿಲ್ಲಿಸುವ ಸಾಧನೆ. ಮಲೆನಾಡಿನಲ್ಲಿ ಹುಟ್ಟಿ ಬೆಳೆದು, ಉದ್ಯೋಗನಿಮಿತ್ತ ವಾಷಿಂಗ್ಟನ್ ನಗರದ ನೆರೆಯ ಮೇರಿಲ್ಯಾಂಡಿನಲ್ಲಿ ನೆಲೆಸಿದ ನಾನು ಈ ಎರಡು ಅರ್ಥಗಳಿಗೆ ಪರಸ್ಪರ ಸಂಬಂಧವೇ ಇಲ್ಲವೆಂದು ಬಹುಕಾಲ ನಂಬಿಕೊಂಡಿದ್ದೆನು. 2013ನೆಯ ಇಸವಿಯ ಆಗಸ್ಟ್ ತಿಂಗಳು ನನ್ನ ಆ ನಂಬಿಕೆಯನ್ನು ತಿದ್ದಿತು.

ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ರಿಸರ್ವಿನ ಅಧ್ಯಕ್ಷರಾಗಿದ್ದ ಬೆನ್ ಬರ್ನ್ಯಾಂಕಿಯವರು, ತಮ್ಮ ಸಂಸ್ಥೆಯು ಸಾಲಪತ್ರಗಳನ್ನು ಕೊಳ್ಳುತ್ತಿರುವ ಪ್ರಮಾಣವನ್ನು ಕ್ರಮೇಣ ತಗ್ಗಿಸಬಹುದೆಂದು ವಾಷಿಂಗ್ಟನ್ನಿನಲ್ಲಿ ಸೂಚಿಸಿದೊಡನೆ, ಭಾರತಕ್ಕೆ ಬಂದಿದ್ದ ವಿದೇಶಿ ಬಂಡವಾಳವು ಹಿಂದಿರುಗತೊಡಗಿತು. ಮೇ ತಿಂಗಳ ಆರಂಭದಲ್ಲಿ ಡಾಲರಿಗೆ ಸುಮಾರು 54 ಇದ್ದ ರೂಪಾಯಿ, ಆಗಸ್ಟಿನ ಮೊದಲಲ್ಲಿ 61ರ ಆಸುಪಾಸಿಗೆ ಇಳಿದು, ಆಗಸ್ಟ್ 28ರಂದು 68ನ್ನೂ ದಾಟಿತು. ಅಂದು ಶ್ರೀಕೃಷ್ಣ ಜನ್ಮಾಷ್ಟಮಿ. ಸಂಜೆ ಲ್ಯಾನ್‌ಹ್ಯಾಮಿನ ಶಿವವಿಷ್ಣು ದೇವಾಲಯದಲ್ಲಿ ಮಂಗಳಾರತಿ ಮುಗಿದು, ತೀರ್ಥ ಕೊಂಡ ಅಂಗೈ ಇನ್ನೂ ಆರುವ ಮುನ್ನವೇ ಪಕ್ಕದಲ್ಲಿದ್ದ ಮಿತ್ರರೊಬ್ಬರನ್ನು ನಾನು ಕೇಳಿದ ಮೊದಲ ಮಾತು, "ಇವತ್ತು ಎಷ್ಟಕ್ಕೆ ನಿಂತಿತು?" ಎಂಬುದು. ಅವರಿಗೆ ಅದು ಅರ್ಥವಾಯಿತು. ಅಟ್ಲಾಂಟದ ಹೊರವಲಯದ ರಿವರ್‌ಡೇಲಿನಲ್ಲಾಗಲಿ, ಉತ್ತರ ಕೆರೊಲೈನದ ಕ್ಯಾರಿಯಲ್ಲಾಗಲಿ, ವೆಂಕಟೇಶ್ವರನ ಸನ್ನಿಧಿಯಲ್ಲಿ ಕಲೆಯುವ ನಮ್ಮವರಲ್ಲಿ ಯಾರಿಗಾದರೂ ಅರ್ಥವಾಗುತ್ತಿತ್ತು. ಡಿಸೆಂಬರ್ ರಜೆಗೆ ಊರಿಗೆ ಹೊರಡುವ ಸಂಸಾರಗಳೆಲ್ಲ ಆಗ ಹಣ ಕೂಡಿಸಿಟ್ಟುಕೊಂಡು, ಬದಲಾಯಿಸುವ ಸುಮುಹೂರ್ತವನ್ನು ನಿರೀಕ್ಷಿಸುತ್ತಿದ್ದವು.

ನನ್ನ ರಜೆಯ ಹಣದಲ್ಲಿ ಒಂದು ಸಾವಿರ ಡಾಲರು ತೀರ್ಥಹಳ್ಳಿಯ ಬಳಿ ತೋಟ ಮಾಡಿಕೊಂಡಿರುವ ನನ್ನ ದೊಡ್ಡಪ್ಪನವರಿಗೆ ಸಲ್ಲಬೇಕಾಗಿದ್ದಿತು. ಆಗಸ್ಟಿನ ಮೊದಲ ವಾರ ಅವರು ದೂರವಾಣಿಯಲ್ಲಿ, "ಎರಡನೇ ಔಷಧಿ ಹೊಡೆಸ್ಬೇಕು ಮಾರಾಯ. ಮೈಲುತುತ್ತಿನ ರೇಟು ಏರಿ ಕೂತಿದೆ, ಕೊನೆಗಾರ ಮುಂಗಡ ಕೇಳ್ತಾನೆ" ಎಂದಿದ್ದರು. ಅಡಿಕೆಯ ಕೊನೆಗಳಿಗೆ ಕೊಳೆರೋಗ ತಗಲದಂತೆ, ಮೈಲುತುತ್ತನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗಾಲದ ಮೊದಲೊಮ್ಮೆ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ, ಮಳೆ ಬಿಡುವು ಕೊಟ್ಟ ಹೊತ್ತು ನೋಡಿ ಸಿಂಪಡಿಸಬೇಕು. ನಾನು, "ಸ್ವಲ್ಪ ದಿನ ತಡೀರಿ ದೊಡ್ಡಪ್ಪ. ರೂಪಾಯಿ ಇನ್ನೂ ಇಳಿಯುತ್ತೆ, ನಿಮಗೇ ನಾಲ್ಕು ಕಾಸು ಹೆಚ್ಚು ಸಿಗುತ್ತೆ" ಎಂದೆನು. ನನ್ನ ಎಣಿಕೆ ತಪ್ಪಲಿಲ್ಲ. ಜನ್ಮಾಷ್ಟಮಿಯ ರಾತ್ರಿ ಕಳುಹಿಸಿದ ಹಣಕ್ಕೆ, ಮೂರು ವಾರದ ಹಿಂದಿನದಕ್ಕಿಂತ ಸುಮಾರು ಏಳು ಸಾವಿರ ರೂಪಾಯಿ ಅಧಿಕವಾಗಿ ಸಂದಿತು. ಅಷ್ಟರಲ್ಲಿ ತೋಟಕ್ಕೆ ಕೊಳೆ ಬಿದ್ದಿತ್ತು.

ಡಿಸೆಂಬರಿನಲ್ಲಿ ಹೋದಾಗ ಅವರು ನನ್ನನ್ನು ತೋಟಕ್ಕೆ ಕರೆದೊಯ್ದರು. ತುಂಬಿದ ಕೊನೆ ತೂಗಬೇಕಾಗಿದ್ದ ಮರಗಳಲ್ಲಿ, ಅರ್ಧಕ್ಕರ್ಧ ಬರಿದಾದ ಕಡ್ಡಿಗಳು ಒಣಗಿ ಜೋತುಬಿದ್ದಿದ್ದವು. ನಾನು ಮಾತಿಗೆ ತಡಕಾಡುತ್ತಿರಲು ಅವರೇ ಹೇಳಿದರು: "ನೀ ಕಳಿಸಿದ ಹಣ ಸಾಕಷ್ಟೇ ಇತ್ತು ಮಾರಾಯ, ಮಳೆ ಕಾಯ್ಲಿಲ್ಲ, ಅಷ್ಟೆ." ಆ ಮಾತಿನಲ್ಲಿ ಆಕ್ಷೇಪಣೆಯ ಲೇಶವೂ ಇರಲಿಲ್ಲ, ಆದುದರಿಂದಲೇ ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಹಾಗಾದರೆ ದುಡಿದ ಹಣಕ್ಕೆ ಉತ್ತಮವಾದ ಧಾರಣೆಯನ್ನು ಅರಸುವುದು ದೋಷವೆ? ಅರ್ಥವನ್ನು ಪುರುಷಾರ್ಥಗಳಲ್ಲಿ ಎಣಿಸಿದ ನಮ್ಮ ಪೂರ್ವಿಕರು ಹಾಗೆ ಹೇಳಲಾರರು. ಪ್ರಶ್ನೆಯನ್ನು ಎರಡಾಗಿ ಸೀಳಿ ನೋಡಬೇಕೆಂದು ನನಗೆ ತೋರುತ್ತದೆ. ಏಕೆಂದರೆ ನಾವು ಒಂದೇ ಹೆಸರಿನಿಂದ ಕರೆಯುವ ಈ ಲಾಭದಲ್ಲಿ ಸ್ವಭಾವತಃ ಬೇರೆಯಾದ ಎರಡು ಅಂಶಗಳಿವೆ.

ಮೊದಲನೆಯದು ವಟ್ಟ. ನಾಣ್ಯ ಬದಲಾಯಿಸಿಕೊಡುವ ಚಿನಿವಾರನು ತನ್ನ ಶ್ರಮಕ್ಕೆಂದು ಮುರಿದುಕೊಳ್ಳುವ ಪಾಲಿಗೆ ಹಿಂದಿನವರು ಇಟ್ಟ ಹೆಸರಿದು. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಟಂಕಸಾಲೆಯನ್ನು ಸ್ಥಾಪಿಸಿ ಕಂಠೀರಾಯಿ ಹಣವನ್ನು ಅಚ್ಚುಹಾಕಿಸಿದರು. ಅಂತಹ ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹವೆಂದು ಗಣನೆ. ಆದರೆ ಆ ವರಹವೆಂಬ ನಾಣ್ಯವು ಲೆಕ್ಕದ ಕಡತಗಳಲ್ಲಿ ಇದ್ದಿತೇ ಹೊರತು ಯಾರ ಕೈಗೂ ಬರಲಿಲ್ಲ. ಇಂದು ಪರದೆಯ ಮೇಲೆ ಮಿನುಗುವ ವಿನಿಮಯದ ದರವೂ ಅಂತಹುದೇ. ಅದು ದೊಡ್ಡ ಬ್ಯಾಂಕುಗಳು ತಮ್ಮತಮ್ಮೊಳಗೆ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಣ ಗಣನೆ. ಯಾತ್ರಿಕನ ಕೈಗೆ ಬರುವುದು ವಟ್ಟ ಕಳೆದು ಉಳಿದದ್ದು. ವಿಮಾನನಿಲ್ದಾಣದ ಮಳಿಗೆಯಲ್ಲಿ ಈ ವಟ್ಟ ಹೆಚ್ಚು. ಶುಲ್ಕವೇ ಇಲ್ಲವೆಂದು ಸಾರುವೆಡೆ ಅದು ದರದೊಳಗೇ ಅಡಗಿರಬಹುದು. ಬೆಂಗಳೂರಿನ ಅಂಗಡಿಯಲ್ಲಿ ಕಾರ್ಡು ಉಜ್ಜಿದಾಗ ಯಂತ್ರವು ಡಾಲರಿನಲ್ಲೋ ರೂಪಾಯಿಯಲ್ಲೋ ಎಂದು ಕೇಳಿದರೆ, ಡಾಲರೆಂದವನು ಸಾಮಾನ್ಯವಾಗಿ ಆ ಅನುಕೂಲಕ್ಕೆ ಅಧಿಕ ವಟ್ಟವನ್ನು ತೆರುವನು. ಇವನ್ನು ಅರಿತು, ತೂಗಿ, ಕಡಮೆಯದನ್ನು ಆರಿಸಿಕೊಳ್ಳುವುದು ಗೃಹಸ್ಥನ ವಿವೇಕ. ಇಲ್ಲಿ ಒಬ್ಬನು ತನ್ನ ಸೇವೆಗೆ ಬೆಲೆ ಹೇಳುತ್ತಾನೆ, ಇನ್ನೊಬ್ಬನು ಒಪ್ಪುತ್ತಾನೆ ಅಥವಾ ಬಿಡುತ್ತಾನೆ. ಮೂರನೆಯವನ ಕಣ್ಣೀರು ಇದರಲ್ಲಿ ಬೆರೆತಿಲ್ಲ.

ಎರಡನೆಯ ಅಂಶವು ರೂಪಾಯಿಯ ಪತನ. ಇದರ ಸ್ವಭಾವ ಬೇರೆ. ತಾಮ್ರದ ಬೆಲೆ ಲೋಕದ ಪೇಟೆಯಲ್ಲಿ ಡಾಲರಿನಲ್ಲಿ ನಿಶ್ಚಯವಾಗುವುದರಿಂದ, ರೂಪಾಯಿ ಇಳಿದಂತೆ ತಾಮ್ರದಿಂದಲೇ ಆಗುವ ಮೈಲುತುತ್ತಿಗೆ ಬೆಲೆಯೇರುತ್ತದೆ. ಕಲ್ಲೆಣ್ಣೆಯ ಕಥೆಯೂ ಅದೇ. ನಾನು ಮೇರಿಲ್ಯಾಂಡಿನಲ್ಲಿ ಕುಳಿತು ಗಳಿಗೆಗೊಮ್ಮೆ ನೋಡಿ ಹಿಗ್ಗುತ್ತಿದ್ದ ಸಂಖ್ಯೆಯೂ, ದೊಡ್ಡಪ್ಪನವರು ಸೊಸೈಟಿಯ ಮುಂದೆ ನಿಂತು ಕೇಳಿ ಕುಗ್ಗುತ್ತಿದ್ದ ಸಂಖ್ಯೆಯೂ ಒಂದೇ ತಕ್ಕಡಿಯ ಎರಡು ತಟ್ಟೆಗಳಾಗಿದ್ದವು. ಅರ್ಚಕರು ಲೋಕಕ್ಕೆಲ್ಲ ಕ್ಷೇಮವಾಗಲೆಂದು ಪ್ರಾರ್ಥಿಸುತ್ತಿದ್ದ ಹೊತ್ತಿನಲ್ಲಿ, ಕೈಮುಗಿದು ನಿಂತಿದ್ದ ನನ್ನ ಮನಸ್ಸು, ಬಾಯಿಬಿಟ್ಟು ಹೇಳಲಾರದ ಇನ್ನೊಂದು ಪ್ರಾರ್ಥನೆಯನ್ನು ನಡೆಸಿತ್ತು: ನಾಳೆಯೂ ಇಳಿಯಲಿ. ಚಿತ್ತವು ಒಂದೆಡೆ ಕಟ್ಟಿ ನಿಂತಿತ್ತು, ನಿಜ. ಅದು ನಿಂತ ಸ್ಥಳವು ಗರ್ಭಗುಡಿಯಾಗಿರಲಿಲ್ಲ.

ನಾನು ಬಯಸಿದ ಮಾತ್ರಕ್ಕೆ ರೂಪಾಯಿ ಬೀಳುವುದೆ, ಬಯಸದಿದ್ದರೆ ಏಳುವುದೆ, ಎಂದು ಕೇಳಬಹುದು. ಇಲ್ಲ. ಆದರೆ ಬಯಕೆಯು ಲೋಕವನ್ನು ಬದಲಾಯಿಸದಿದ್ದರೂ ಬಯಸುವವನನ್ನು ಬದಲಾಯಿಸದೆ ಇರದು. ನನ್ನವರ ಕಷ್ಟಕ್ಕೆ ಹಾತೊರೆಯುವುದನ್ನು ಮನಸ್ಸು ಒಮ್ಮೆ ಅಭ್ಯಾಸ ಮಾಡಿಕೊಂಡ ಮೇಲೆ, ದೊಡ್ಡಪ್ಪನವರಿಗೆ ತಡೆಯಿರೆಂದು ಹೇಳುವುದು ನನಗೆ ಸುಲಭವಾಯಿತು. ಅದನ್ನು ಅವರ ಹಿತವೆಂದು ನಂಬುವುದು ಇನ್ನೂ ಸುಲಭವಾಯಿತು.

ಕಲ್ಯಾಣದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವೆಲ್ಲ ಬಲ್ಲೆವು. ಪತಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆಕೆ ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಆತನನ್ನು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿ ಕದ್ದದ್ದಲ್ಲ, ನೆಲಕ್ಕೆ ಚೆಲ್ಲಿದ್ದು. ಬಾಲ್ಯದಲ್ಲಿ ನನಗೆ ಅದು ಅತಿಯಾದ ನಿಷ್ಠುರತೆಯೆಂದು ತೋರಿತ್ತು. ಆಕೆ ಅಳೆದದ್ದು ಅಕ್ಕಿಯನ್ನಲ್ಲ, ಹೆಚ್ಚು ಆಯುವಾಗ ಗಂಡನ ಮನಸ್ಸು ಎಲ್ಲಿ ನಿಂತಿದ್ದಿತೆಂಬುದನ್ನು. ಇದು ನನಗೆ ಹೊಳೆದುದು ಆ ಬರಿಯ ಕೊನೆಗಳ ಕೆಳಗೆ ನಿಂತಾಗ. ಧರ್ಮಕ್ಕೂ ಧಾರಣೆಗೂ ಧಾತು ಒಂದೇ, ಹಿಡಿದು ನಿಲ್ಲಿಸುವುದು ಎಂಬರ್ಥದ್ದು. ನಾವು ಏನನ್ನು ಹಿಡಿದು ನಿಂತಿರುವೆವೋ ಅದೇ ನಮ್ಮನ್ನೂ ಹಿಡಿದು ನಿಲ್ಲಿಸಬೇಕಾಗಿದೆ.

ಅಂದಿನಿಂದ ನಾನೊಂದು ನಿಯಮವನ್ನು ಪಾಲಿಸುತ್ತಿದ್ದೇನೆ. ಊರಿನಿಂದ ಅಗತ್ಯದ ಕರೆ ಬಂದರೆ, ಎರಡು ಮೂರು ಕಡೆಯ ವಟ್ಟವನ್ನು ಹೋಲಿಸಿ ನೋಡುತ್ತೇನೆ; ಕಡಮೆಯಿದ್ದಲ್ಲಿಂದ ಆ ಸಂಜೆಯೇ ಹಣ ಕಳುಹಿಸುತ್ತೇನೆ; ನಾಳೆಯ ಧಾರಣೆಯನ್ನು ಕೇಳುವುದಿಲ್ಲ. ಮುಂದಿನ ಮಳೆಗಾಲದಲ್ಲಿ ಹಾಗೆ ಕಳುಹಿಸಿದ ಕೆಲವು ದಿನಗಳ ತರುವಾಯ ದೊಡ್ಡಪ್ಪನವರ ಮೊಮ್ಮಗಳು ಒಂದು ಚಿತ್ರವನ್ನು ಕಳುಹಿಸಿದಳು. ಕೊನೆಗಾರನು ಮರದ ತುದಿಯಲ್ಲಿದ್ದಾನೆ. ಅವನ ತಲೆಯ ಮೇಲೆ, ಎಳೆಯ ಹಸುರು ಕಾಯಿಗಳ ಮೈತುಂಬ, ಔಷಧಿಯ ತಿಳಿನೀಲಿ ಲೇಪ ಆಗತಾನೆ ಆರುತ್ತಿದೆ.