ತಿದ್ದುವವನ ಅಧಿಕಾರ

ಹೊಸದಾಗಿ ಉಪಾಧ್ಯಾಯವೃತ್ತಿಯನ್ನು ಕೈಕೊಂಡವರೊಬ್ಬರು ತರಗತಿಯಲ್ಲಿ ತಪ್ಪು ಪಾಠ ಹೇಳುತ್ತಿದ್ದಾರೆ; ಅವರಿಗೆ ಮಾರ್ಗದರ್ಶಕನಾಗಿ ನಿಯಮಿತನಾದ ಹಿರಿಯನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾನೆ. ಆತನು ಆಗಲೇ ಎದ್ದು ತಪ್ಪನ್ನು ತಿದ್ದತಕ್ಕದ್ದೊ, ಸುಮ್ಮನಿರತಕ್ಕದ್ದೊ? ಸುಮ್ಮನಿದ್ದರೆ ನಲವತ್ತು ಮಕ್ಕಳು ಅಸತ್ಯವನ್ನು ಸತ್ಯವೆಂದು ಬರೆದುಕೊಂಡು ಮನೆಗೆ ಹೋಗುತ್ತಾರೆ. ತಿದ್ದಿದರೆ ಒಬ್ಬ ಉಪಾಧ್ಯಾಯರು ತಮ್ಮ ಶಿಷ್ಯರ ಎದುರಿನಲ್ಲಿಯೇ ಕುಗ್ಗಿಹೋಗುತ್ತಾರೆ. ಮೇಲುನೋಟಕ್ಕೆ ಇದು ಶಾಲೆಯೊಳಗಿನ ಸಣ್ಣ ಮಾತಾಗಿ ಕಂಡರೂ, ಸತ್ಯಕ್ಕೂ ದಯೆಗೂ ವಿರೋಧ ಬಂದಲ್ಲಿ ಯಾವುದು ಮೇಲೆಂಬ ಹಳೆಯ ಪ್ರಶ್ನೆಯೇ ಇದರಲ್ಲಿ ಅಡಗಿದೆ.

ಈಗ ಇಂಥ ಮಾರ್ಗದರ್ಶನದ ಮಾತು ಹೆಚ್ಚಾಗಿ ಕೇಳಿಬರುತ್ತಿದೆ. 2014ರ ನಿಯಮಗಳ ಮೇರೆಗೆ ಬಿ.ಎಡ್. ಶಿಕ್ಷಣವು ಎರಡು ವರ್ಷದ್ದಾಗಿ, ಅದರಲ್ಲಿ 20 ವಾರಗಳನ್ನು ಶಾಲೆಗಳೊಡನೆ ಕಳೆಯಬೇಕೆಂದಾಯಿತು. 2020ರ ರಾಷ್ಟ್ರೀಯ ಶಿಕ್ಷಣನೀತಿಯಲ್ಲಿ ನಿವೃತ್ತರಾದ ಅಧ್ಯಾಪಕರನ್ನೂ ಮಾರ್ಗದರ್ಶನಕ್ಕೆ ಕರೆಯುವ ಸೂಚನೆಯಿದೆ. ಸಂತೋಷವೇ. ಆದರೆ ಮುದುಕರನ್ನು ಕರೆಯುವವರು, ಮುದುಕರಿಗೆ ತಿದ್ದುವ ಚಪಲವು ಎಷ್ಟು ಬಲವಾದದ್ದೆಂಬುದನ್ನು ಮೊದಲು ತಿಳಿದಿರುವುದು ಒಳ್ಳೆಯದು. ನನ್ನನ್ನೇ ಉದಾಹರಣೆಯಾಗಿ ಕೊಡುತ್ತೇನೆ.

ನಾನು ನಿವೃತ್ತನಾಗುವುದಕ್ಕೆ ಕೆಲವು ವರ್ಷ ಮುಂಚೆ ನಮ್ಮ ಪ್ರೌಢಶಾಲೆಗೆ ಕನ್ನಡ ಪಾಠಕ್ಕೆಂದು ಒಬ್ಬ ಹೆಣ್ಣುಮಗಳು ಬಂದರು. ಓದಿದವರು, ಉತ್ಸಾಹಿಗಳು. ಒಂದು ದಿನ ಹತ್ತನೆಯ ತರಗತಿಗೆ ಗುಣಸಂಧಿಯನ್ನು ಹೇಳುತ್ತಿದ್ದರು. ಸೂರ್ಯೋದಯ, ಮಹೋತ್ಸವ ಎಂದು ಉದಾಹರಣೆಗಳು ಸರಾಗವಾಗಿ ನಡೆದಿದ್ದುವು. ಅಷ್ಟರಲ್ಲಿ ಒಬ್ಬ ಹುಡುಗನು ಎದ್ದು, "ಮನೋಹರ ಎಂಬುದೂ ಗುಣಸಂಧಿಯೇ?" ಎಂದು ಕೇಳಿದನು. "ಹೌದು" ಎಂದವರೇ ಆಕೆ ಹಲಗೆಯ ಮೇಲೆ "ಮನ + ಉಹರ" ಎಂದು ಬಿಡಿಸಿ ಬರೆದರು. "ಉಹರ ಎಂದರೇನು ಮೇಡಂ?" ಎಂದು ಹುಡುಗನು ಮತ್ತೆ ಕೇಳಿದನು. ಮಕ್ಕಳು ನಕ್ಕರು. ಆಕೆಯ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲಿಯೇ ನಿಂತಿತು.

ನಾನು ಎದ್ದೆ. ಅದು 'ಮನಸ್' ಎಂಬ ಸಕಾರಾಂತ ಶಬ್ದವೆಂದೂ, ಇಲ್ಲಿರುವುದು ವಿಸರ್ಗಸಂಧಿಯೆಂದೂ, ಉಹರವೆಂಬ ಶಬ್ದವು ಯಾವ ಕೋಶದಲ್ಲಿಯೂ ಇಲ್ಲವೆಂದೂ ಐದು ನಿಮಿಷ ಭಾಷಣ ಮಾಡಿ, ಹಲಗೆಯನ್ನು ನಾನೇ ಒರಸಿದೆನು. ಮಕ್ಕಳು ಮತ್ತೊಮ್ಮೆ ನಕ್ಕರು. ಸತ್ಯವನ್ನು ಕಾಪಾಡಿದೆನೆಂಬ ತೃಪ್ತಿಯಿಂದ ಮನೆಗೆ ಹೋದೆ.

ಆ ರಾತ್ರಿ ಏನೋ ನೆನಪಾಗಿ ನಿದ್ರೆ ಬರಲಿಲ್ಲ. ಪಾಠಶಾಲೆಯಲ್ಲಿ ಪಾಣಿನಿಯ ಮೇರೆಗೆ ಈ ಶಬ್ದವನ್ನು ನಮ್ಮಿಂದ ಸಾಧಿಸಿಸುತ್ತಿದ್ದ ಕ್ರಮವೇನು? 'ಮನಸ್' ಎಂಬುದರ ಸಕಾರವು ಮೊದಲು ರೇಫವಾಗುತ್ತದೆ. ಹಿಂದೆ ಅಕಾರವೂ ಮುಂದೆ ಹಕಾರದಂಥ ಘೋಷವ್ಯಂಜನವೂ ಇರುವುದರಿಂದ ಆ ರೇಫವು ಉಕಾರವಾಗುತ್ತದೆ. ಆಗ ನಮ್ಮ ಮುಂದೆ ನಿಲ್ಲುವುದು 'ಮನ-ಉ-ಹರ'. ಆಮೇಲೆ ಅಕಾರ ಉಕಾರಗಳು ಕೂಡಿ ಗುಣವಾಗಿ ಓಕಾರ ಬರುತ್ತದೆ. ಎಂದರೆ ಆಕೆ ಗುಣವೆಂದದ್ದು ಕಡೆಯ ಮೆಟ್ಟಿಲಿನ ಮಟ್ಟಿಗೆ ಸರಿ. ಬರೆದದ್ದು ಆ ಮೆಟ್ಟಿಲಿನ ಹಿಂದಿನ ರೂಪವೇ. ಉಕಾರವು ಎಲ್ಲಿಂದ ಬಂತೆಂಬುದೊಂದು ತಿಳಿಯದೆ ಅದನ್ನು ಉತ್ತರಪದಕ್ಕೆ ಅಂಟಿಸಿದರು, ಅಷ್ಟೆ. ಅವರು ತಿಳಿಯದೆ ಮುಟ್ಟಿದ ಮೆಟ್ಟಿಲನ್ನು, ತಿಳಿದಿದ್ದ ನಾನು ಒರಸಿಹಾಕಿದ್ದೆನು.

ಆದುದರಿಂದ ನಾನು ಕಾಪಾಡಿದ್ದು ಸತ್ಯವನ್ನೇ ಎಂದು ಹೇಳುವುದು ಕಷ್ಟ. ತಿದ್ದುವ ಆತುರದಲ್ಲಿ, ತಪ್ಪಿನೊಳಗೆ ಎಷ್ಟು ಸರಿಯಿದೆಯೆಂದು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಸತ್ಯ ದಯೆಗಳಿಗೆ ವಿರೋಧವೆಂದು ನಾವು ಎಣಿಸುವ ಎಷ್ಟೋ ಸಂದರ್ಭಗಳಲ್ಲಿ ನಿಜವಾಗಿ ಎದುರು ನಿಂತಿರುವುವು ದಯೆಯೂ ನಮ್ಮ ಪಾಂಡಿತ್ಯದ ಪ್ರದರ್ಶನವೂ.

ಪಾಠಶಾಲೆಯಲ್ಲಿ ಎಲ್ಲರೆದುರಿಗೇ ತಿದ್ದುತ್ತಿದ್ದರಲ್ಲ, ಯಾರು ಕುಗ್ಗಿದರು ಎಂದು ಕೆಲವರು ಕೇಳಬಹುದು. ನಿಜ, ಅಲ್ಲಿ ಕುಳಿತವರೆಲ್ಲರೂ ಕಲಿಯುವವರು, ಇಂದು ನನ್ನ ಸರದಿ, ನಾಳೆ ನಿನ್ನದು. ಆದರೆ ದೊಡ್ಡ ವಿದ್ಯಾರ್ಥಿಯು ಚಿಕ್ಕವರಿಗೆ ಪಾಠ ಹೇಳುವಾಗ ನಮ್ಮ ಗುರುಗಳು ಎಂದೂ ಬಾಯಿ ಹಾಕುತ್ತಿರಲಿಲ್ಲ. ಒಮ್ಮೆ ಕೆಮ್ಮುತ್ತಿದ್ದರು. ಕೆಮ್ಮು ಕೇಳಿಸಿದರೆ ಹಿಂದಿನ ಮಾತನ್ನು ಮತ್ತೊಮ್ಮೆ ನೋಡಿಕೊಳ್ಳಬೇಕೆಂದರ್ಥ. ಚಿಕ್ಕವರಿಗೆ ಅದು ಗುರುಗಳ ನೆಗಡಿ. ಅವರಿಗೆ ನಿಜವಾಗಿ ನೆಗಡಿಯಾದ ದಿನಗಳಲ್ಲಿ ನಾವು ಪಟ್ಟ ಪಾಡು ಬೇರೆ.

ತಪ್ಪು ಮಕ್ಕಳ ಪುಸ್ತಕದಲ್ಲಿ ಉಳಿಯಲಿ ಎಂದು ನಾನು ಹೇಳುವವನಲ್ಲ. ಅದನ್ನು ತಿದ್ದಲೇಬೇಕು, ಆದರೆ ಮಾಡಿದವರೇ, ಮರುದಿನ, ಅದೇ ಮಕ್ಕಳ ಎದುರು ತಿದ್ದುವಂತಾಗಬೇಕು. "ನಿನ್ನೆ ನಾನು ಹೇಳಿದ್ದರಲ್ಲಿ ಒಂದು ತಪ್ಪಿತ್ತು" ಎಂದು ಉಪಾಧ್ಯಾಯರ ಬಾಯಿಂದ ಕೇಳಿದ ಮಕ್ಕಳು ಸಂಧಿಗಿಂತ ದೊಡ್ಡದೊಂದನ್ನು ಕಲಿಯುತ್ತಾರೆ. ಹಿರಿಯನ ಕೆಲಸವೆಂದರೆ ಸಂಜೆ ಜೊತೆಯಲ್ಲಿ ಕುಳಿತು ಆ ಮರುದಿನವನ್ನು ಸಾಧ್ಯಮಾಡಿಕೊಡುವುದು. ಪ್ರಯೋಗಶಾಲೆಯಲ್ಲಿ ಆಮ್ಲಕ್ಕೆ ನೀರು ಸುರಿಯಹೊರಟವರನ್ನು ಮರುದಿನದವರೆಗೆ ಬಿಡಲಾಗದು, ಅದು ಬೇರೆ ಮಾತು. ವ್ಯಾಕರಣದಿಂದ ಯಾರ ಕೈಯೂ ಸುಡುವುದಿಲ್ಲ.

ಇದಕ್ಕೆ ಅಡ್ಡಿಯಾಗಿರುವುದು ಇನ್ನೊಂದು. ಸರ್ಕಾರಿ ಸೇವೆಗೆ ಸೇರಿದವರು ಮೊದಲ ಎರಡು ವರ್ಷ ಪ್ರೊಬೇಷನ್ನಿನಲ್ಲಿರುತ್ತಾರೆ. ಆ ಅವಧಿಯು ತೃಪ್ತಿಕರವಾಗಿತ್ತೆಂದು ಬರೆಯುವವರೂ, ನಿಮ್ಮ ಕಷ್ಟಗಳನ್ನು ಮುಚ್ಚುಮರೆಯಿಲ್ಲದೆ ಹೇಳಿ ಎನ್ನುವವರೂ ಒಬ್ಬರೇ ಆದರೆ, ಯಾವ ಬುದ್ಧಿವಂತರು ಹೇಳಿಯಾರು? ನ್ಯಾಯಾಧೀಶನ ಮುಂದೆ ರೋಗವನ್ನು ಹೇಳಿಕೊಳ್ಳುವವರಿಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಇಬ್ಬರು ನಾಟ್ಯಾಚಾರ್ಯರ ಹೆಚ್ಚುಕಡಿಮೆಯನ್ನು ತೀರ್ಮಾನಿಸಲು ಅವರಲ್ಲಿ ಯಾರನ್ನೂ ಕೂರಿಸದೆ ಪರಿವ್ರಾಜಿಕೆಯೊಬ್ಬಳನ್ನು ಕೂರಿಸಿದ್ದಾರೆ. ಅಲ್ಲಿ ಒಳಸಂಚಿತ್ತೆಂಬುದೇನೊ ಸರಿಯೇ. ಆದಾಗ್ಯೂ ಕಲಿಸುವವನೂ ತೀರ್ಪುಗಾರನೂ ಬೇರೆಯಾಗಿರಬೇಕೆಂಬ ಏರ್ಪಾಡು ಒಪ್ಪತಕ್ಕದ್ದು.

ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಆಚಾರ್ಯನು ತನ್ನ ಒಳ್ಳೆಯ ನಡತೆಯನ್ನು ಮಾತ್ರ ಅನುಸರಿಸು, ಉಳಿದುದನ್ನಲ್ಲ ಎನ್ನುತ್ತಾನೆ. ಬಾಲ್ಯದಲ್ಲಿ ಇದನ್ನು ಎಷ್ಟು ಸಲ ಸ್ವರದೊಡನೆ ಹೇಳಿದ್ದೆನೊ! ತನ್ನಲ್ಲಿ ಅನುಸರಿಸಬಾರದ್ದೂ ಇದೆಯೆಂದು ಗುರುವು ತಾನಾಗಿ ಒಪ್ಪಿಕೊಳ್ಳುತ್ತಿದ್ದಾನೆಂಬುದು ಅರುವತ್ತು ಸಮೀಪಿಸುವವರೆಗೆ ನನ್ನ ಕಿವಿಗೆ ಬೀಳಲಿಲ್ಲ.

ಮರುದಿನ ನಾನು ಆಕೆಯನ್ನು ಸ್ಟಾಫ್ ರೂಮಿನಲ್ಲಿ ಕಂಡು, ಕಾಗದದ ಮೇಲೆ ಆ ಶಬ್ದಸಾಧನೆಯನ್ನೆಲ್ಲ ಬರೆದು ತೋರಿಸಿ, "ತಪ್ಪು ನನ್ನದಮ್ಮಾ, ನಿಮ್ಮದು ಅರ್ಧ ಸರಿಯಾಗಿತ್ತು" ಎಂದೆ. ಆಕೆ ಕಾಗದವನ್ನು ಮಡಿಸಿ ಪುಸ್ತಕದೊಳಗಿಟ್ಟುಕೊಂಡು, "ಪರವಾಗಿಲ್ಲ ಸಾರ್" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಇದನ್ನು ಮಕ್ಕಳ ಮುಂದೆ ಹೇಳುತ್ತೀರಾ ಸಾರ್?" ಎಂದು ಮೆಲ್ಲಗೆ ಕೇಳಿದರು. ಹೇಳುತ್ತೇನೆಂದೆ. ಆ ವಾರ ಪರೀಕ್ಷೆಯ ಗಡಿಬಿಡಿ. ಮುಂದಿನ ವಾರ ಇನ್ನೇನೋ. ಹಲಗೆಯನ್ನು ಒರಸಲು ಸಿಕ್ಕ ಐದು ನಿಮಿಷವು ಇದಕ್ಕೆ ಸಿಕ್ಕಲಿಲ್ಲ. ಅಂದಿನಿಂದ ಆಕೆ ಗೈಡಿನಲ್ಲಿದ್ದ ಉದಾಹರಣೆಗಳನ್ನು ಮಾತ್ರ ಹಲಗೆಯ ಮೇಲೆ ಬರೆಯತೊಡಗಿದರು. ಪ್ರಶ್ನೆ ಕೇಳುತ್ತಿದ್ದ ಆ ಹುಡುಗನೂ ಕೇಳುವುದನ್ನು ಬಿಟ್ಟನು. ಮಾರ್ಚ್ ತಿಂಗಳಲ್ಲಿ ಆ ತರಗತಿಯವರು ಪರೀಕ್ಷೆ ಬರೆದು ಹೊರಟುಹೋದರು.