ನೋಡಿ ಬರೆದದ್ದು

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಒಂದು ಹಳೆಯ ನೋಟ್‌ಬುಕ್ ಇದೆ. ಎಣ್ಣೆಯ ಕಲೆ, ಅರಿಸಿನದ ಕಲೆ ಹತ್ತಿ ಅದರ ಹಾಳೆಗಳೆಲ್ಲ ಹಪ್ಪಳದ ಹಾಗಾಗಿವೆ. ಅದರಲ್ಲಿ ನಾನು ಬರೆದಿಟ್ಟುಕೊಂಡ ಒಂದೊಂದು ಅಡುಗೆಗೂ ಒಂದೊಂದು ಮನೆಯ ಗುರುತಿದೆ. 'ಮೈಸೂರು ಚಿಕ್ಕಮ್ಮನ ಸಾರಿನ ಪುಡಿ', 'ಹಿಂದಿನ ಮನೆ ಅಜ್ಜಿಯ ನಿಂಬೆ ಉಪ್ಪಿನಕಾಯಿ', 'ಹಿಂದಿ ಟೀಚರ್ ಹೇಳಿದ ಗೊಜ್ಜು' ಎಂದೆಲ್ಲ. ಚಿಕ್ಕಮ್ಮ ತೀರಿಕೊಂಡು ಹನ್ನೆರಡು ವರ್ಷವಾಯಿತು. ಆದರೂ ಊಟಕ್ಕೆ ಬಂದವರು ಸಾರು ಚೆನ್ನಾಗಿದೆ ಎಂದರೆ, "ಇದು ನಮ್ಮ ಚಿಕ್ಕಮ್ಮನ ಅಳತೆ" ಎನ್ನುವ ಮಾತು ತಾನಾಗಿ ಬಾಯಿಗೆ ಬರುತ್ತದೆ. ಹಾಗೆ ಹೇಳಿದ್ದರಿಂದ ನನ್ನ ಕೈರುಚಿಗೆ ಯಾವತ್ತೂ ಕುಂದು ಬಂದಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಪುಸ್ತಕ ಇದ್ದೇ ಇರುತ್ತದೆ.

ಒಲೆಯ ಮುಂದೆ ಇಷ್ಟು ಸಲೀಸಾಗಿ ಬರುವ ಈ ಮಾತು, ಕಾಗದದ ಮುಂದೆ ಕೂತಾಗ ಯಾಕೆ ಗಂಟಲಲ್ಲೇ ನಿಂತುಬಿಡುತ್ತದೆ? ಈ ಪ್ರಶ್ನೆ ನನ್ನನ್ನು ಕಾಡುವಂತೆ ಮಾಡಿದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ.

ತಾಲ್ಲೂಕು ಮಟ್ಟದ ಪ್ರಬಂಧ ಸ್ಪರ್ಧೆಗೆ 'ನಮ್ಮ ಊರಿನ ಕೆರೆ' ಎಂಬ ವಿಷಯ ಬಂದಿತ್ತು. ಆಸಕ್ತಿ ಇದ್ದವರು ಬರೆದುಕೊಂಡು ಬನ್ನಿ ಎಂದಿದ್ದೆ. ಈ ಹುಡುಗಿ ಮಾರನೆಯ ದಿನವೇ ನಾಲ್ಕು ಪುಟ ತಂದುಕೊಟ್ಟಳು. ಅಚ್ಚುಕಟ್ಟಾದ ಭಾಷೆ, ಒಂದು ಕಾಗುಣಿತದ ತಪ್ಪಿಲ್ಲ. ಓದುತ್ತ ಹೋದರೆ ಕೆರೆಯ ಸುತ್ತ ಉದ್ಯಾನವಿದೆ, ಸಂಜೆ ದೋಣಿವಿಹಾರ ನಡೆಯುತ್ತದೆ, ದೂರದ ಊರುಗಳಿಂದ ಪ್ರವಾಸಿಗರು ಬರುತ್ತಾರೆ! ನಮ್ಮೂರ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುವುದನ್ನು ನಾನು ಕಂಡಿದ್ದೇನೆಯೇ ಹೊರತು ದೋಣಿಯನ್ನು ಕಂಡಿಲ್ಲ. ಇನ್ನೊಬ್ಬ ಹುಡುಗಿಯ ಪ್ರಬಂಧ ತೆಗೆದರೆ ಅದರಲ್ಲೂ ಅದೇ ಉದ್ಯಾನ, ಅದೇ ದೋಣಿ.

ಕರೆದು ಕೇಳಿದೆ. ಅವಳು ಮುಚ್ಚಿಡಲಿಲ್ಲ. ಅಣ್ಣನ ಮೊಬೈಲಿನಲ್ಲಿ ಸಿಕ್ಕಿತಂತೆ. "ತಪ್ಪಲ್ಲವೇನೇ?" ಎಂದೆ. ಅವಳು ನಿಜವಾಗಿಯೂ ಅರ್ಥವಾಗದವಳ ಹಾಗೆ ನನ್ನ ಮುಖ ನೋಡಿ, "ನೀವು ಬರ್ಕೊಂಡು ಬನ್ನಿ ಅಂದ್ರಿ ಮೇಡಂ, ಬರ್ಕೊಂಡು ಬಂದೆ" ಎಂದಳು.

ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವಳ ಮಾತಿನಲ್ಲಿ ಸುಳ್ಳೇನಿದೆ? ಒಂದನೆಯ ತರಗತಿಯಿಂದ ನಾವು ಮಕ್ಕಳಿಗೆ ಹೇಳುವುದು ಇದೊಂದೇ ಮಾತು. ಬೋರ್ಡಿನ ಮೇಲಿದ್ದುದನ್ನು ಬರೆದುಕೊಳ್ಳಿ, ಪ್ರಶ್ನೋತ್ತರ ಬರೆದುಕೊಳ್ಳಿ, ನಿಬಂಧ ಬರೆದುಕೊಳ್ಳಿ. ಒಂದಕ್ಷರ ಆಚೀಚೆ ಆಗದ ಹಾಗೆ ಬರೆದವರಿಗೆ 'ಉತ್ತಮ' ಎಂದು ಕೆಂಪು ಶಾಯಿಯಲ್ಲಿ ಹಾಕುತ್ತೇವೆ. ಹತ್ತು ವರ್ಷ ನಕಲು ಮಾಡುವುದನ್ನೇ ಗುಣವೆಂದು ಕಲಿಸಿ, ಹನ್ನೊಂದನೆಯ ವರ್ಷ ಅದನ್ನೇ ಕೃತಿಚೌರ್ಯ ಎಂದು ಕರೆದರೆ ಮಕ್ಕಳಿಗೆ ದಿಕ್ಕು ತಪ್ಪದೆ ಇನ್ನೇನಾದೀತು? 'ಎಲ್ಲಿಂದ ತಂದೆ?' ಎಂದು ನಾವು ಒಮ್ಮೆಯೂ ಕೇಳಿರುವುದಿಲ್ಲ.

ಆದರೆ ಆ ಹುಡುಗಿಯನ್ನು ಗದರಲು ನನಗೆ ಬಾಯಿ ಬರದಿದ್ದಕ್ಕೆ ಬೇರೆಯೇ ಒಂದು ಕಾರಣವಿತ್ತು. ಅದನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಹೇಳಿದವಳಲ್ಲ.

ನಾನು 1992ರಲ್ಲಿ ಬಿ.ಇಡ್. ಓದುತ್ತಿದ್ದೆ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವಳು ಹಳ್ಳಿಯಿಂದ ಬಂದ, ಹೆಚ್ಚು ಮಾತಾಡದ ಹುಡುಗಿ. ಪ್ರತಿಯೊಬ್ಬರೂ ಒಂದು ಸಣ್ಣ ಅಧ್ಯಯನ ಮಾಡಿ ರೆಕಾರ್ಡ್ ಬರೆದು ಒಪ್ಪಿಸಬೇಕಿತ್ತು. ಮಕ್ಕಳು ಅಲ್ಪಪ್ರಾಣ, ಮಹಾಪ್ರಾಣಗಳನ್ನು ಯಾಕೆ ತಪ್ಪಾಗಿ ಬರೆಯುತ್ತಾರೆ ಎಂಬುದು ಅವಳು ಆರಿಸಿಕೊಂಡ ವಿಷಯ. ಪಾಠಾಭ್ಯಾಸಕ್ಕೆ ಹೋದ ಶಾಲೆಯ ನಲವತ್ತು ಮಕ್ಕಳ ನೋಟ್‌ಬುಕ್ ತಂದು, ರಾತ್ರಿಯೆಲ್ಲ ಕೂತು ತಪ್ಪುಗಳನ್ನು ಒಂದೊಂದಾಗಿ ಎಣಿಸಿ ಪಟ್ಟಿ ಮಾಡಿದ್ದಳು. ನಾನು ಅಕ್ಕನ ಮದುವೆಗೆಂದು ಊರಿಗೆ ಹೋದವಳು ತಿರುಗಿ ಬಂದಾಗ ಉಳಿದದ್ದು ಮೂರೇ ದಿನ. ಅಳುಮುಖ ಮಾಡಿಕೊಂಡು ಕೂತಿದ್ದೆ. ಅವಳು ತನ್ನ ರೆಕಾರ್ಡ್ ಕೊಟ್ಟು, "ಹೇಗೆ ಬರೀಬೇಕು ಅಂತ ನೋಡ್ಕೋ" ಎಂದಳು.

ನಾನು ನೋಡಿಕೊಳ್ಳಲಿಲ್ಲ, ನೋಡಿ ಬರೆದೆ. ಶಾಲೆಯ ಹೆಸರು ಬದಲಾಯಿಸಿದೆ. ನಲವತ್ತನ್ನು ನಲವತ್ತೆರಡು ಮಾಡಿದೆ. ನನ್ನ ಅಕ್ಷರ ಆಗಿನಿಂದಲೂ ದುಂಡಗೆ ಚೆಂದ.

ಮೌಖಿಕ ಪರೀಕ್ಷೆಯ ದಿನ ಹೆಸರಿನ ಕ್ರಮದಲ್ಲಿ ನನ್ನನ್ನು ಮೊದಲು ಕರೆದರು. ಪರೀಕ್ಷಕರು ಹೊಗಳಿ ಕಳಿಸಿದರು. ಸ್ವಲ್ಪ ಹೊತ್ತಿನ ಮೇಲೆ ಅವಳು ಒಳಗೆ ಹೋದಳು. ನಾನು ಬಾಗಿಲ ಹೊರಗೇ ನಿಂತಿದ್ದೆ. "ಗೆಳತಿಯದನ್ನು ನೋಡಿ ಬರೆದೆಯೇನಮ್ಮ?" ಎಂದು ಅವರು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅವಳು ಏನು ಹೇಳಿದಳೋ ಕೇಳಿಸಲಿಲ್ಲ. ಬಾಗಿಲು ಅರ್ಧ ತೆರೆದೇ ಇತ್ತು. ಎರಡು ಹೆಜ್ಜೆ ಒಳಗಿಟ್ಟು, "ಇಲ್ಲ ಸರ್, ನೋಡಿ ಬರೆದವಳು ನಾನು" ಎಂದಿದ್ದರೆ ಸಾಕಿತ್ತು. ಆ ಎರಡು ಹೆಜ್ಜೆಯನ್ನು ನಾನು ಇಡಲಿಲ್ಲ. ನನಗೆ ಅವಳಿಗಿಂತ ಐದು ಅಂಕ ಹೆಚ್ಚು ಬಂತು. ಹಾಸ್ಟೆಲ್ ಬಿಡುವ ದಿನ ಟ್ರಂಕಿಗೆ ಬೀಗ ಹಾಕುತ್ತ ಅವಳು ಹೇಳಿದ್ದು ಒಂದೇ ಮಾತು: "ಅಕ್ಷರ ಚೆನ್ನಾಗಿರೋದೂ ಒಂದು ಭಾಗ್ಯ ಕಣೇ."

ಇಷ್ಟೇ ಆಗಿದ್ದರೆ ಇಪ್ಪತ್ತೆರಡರ ವಯಸ್ಸಿನ ಹುಡುಗಾಟ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದಿತ್ತೋ ಏನೋ. ಆದರೆ ಅವಳ ರೆಕಾರ್ಡಿನಲ್ಲಿ ಒಂದು ಉಪಾಯವಿತ್ತು. ಮಕ್ಕಳು ಬಾಯಿಯ ಮುಂದೆ ಅಂಗೈ ಹಿಡಿದು 'ಕ' ಎನ್ನಬೇಕು, ಆಮೇಲೆ 'ಖ' ಎನ್ನಬೇಕು. 'ಖ' ಎಂದಾಗ ಬಿಸಿಯುಸಿರು ಅಂಗೈಗೆ ತಾಕುತ್ತದೆ. ಮಹಾಪ್ರಾಣ ಎಂದರೇನೆಂದು ಮಗುವಿಗೆ ಕೈಯೇ ಹೇಳಿಕೊಡುತ್ತದೆ. ನನ್ನ ನೌಕರಿಯ ಉದ್ದಕ್ಕೂ ನಾನು ಇದನ್ನು ಬಳಸಿದ್ದೇನೆ. ಶಿಕ್ಷಕರ ತರಬೇತಿಯೊಂದರಲ್ಲಿ ಮಾಡಿ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. "ಎಷ್ಟು ಸರಳ! ನಿಮಗೆ ಹೇಗೆ ಹೊಳೆಯಿತು ಮೇಡಂ?" ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆ. ಸಾರಿಗೆ ಚಿಕ್ಕಮ್ಮನ ಹೆಸರು ಹೇಳುವ ನಾಲಗೆಗೆ ಅಲ್ಲಿ ಗೆಳತಿಯ ಹೆಸರು ಹೇಳಲಾಗಲಿಲ್ಲ. 'ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ' ಎನ್ನುವುದು ಇದಕ್ಕೇ ಅಲ್ಲವೆ?

ಪಡೆದದ್ದನ್ನು ಹೇಳಿಕೊಂಡರೆ ಚಿಕ್ಕವರಾಗುತ್ತೇವೆ ಎಂಬ ಭಯ ನಮ್ಮದು. ನಾನು ಪಾಠ ಹೇಳುವ ಕವಿಗಳಿಗೆ ಈ ಭಯ ಇರಲಿಲ್ಲ. 941ರ ಸುಮಾರಿನಲ್ಲಿ ಮಹಾಭಾರತದ ಕಥೆಯನ್ನು ಕನ್ನಡದಲ್ಲಿ ಹೇಳಹೊರಟ ಪಂಪ, ವ್ಯಾಸರ ಮಾತಿನ ಕಡಲಲ್ಲಿ ತಾನು ಈಜಲು ಹೊರಟಿದ್ದೇನೆ, ತಾನೇ ವ್ಯಾಸನೆಂಬ ಗರ್ವ ತನಗಿಲ್ಲ ಎಂದು ಆರಂಭದಲ್ಲೇ ಹೇಳಿಕೊಂಡ. ಅದರಿಂದ ಅವನ ಆದಿಕವಿ ಪಟ್ಟಕ್ಕೇನೂ ಚ್ಯುತಿ ಬರಲಿಲ್ಲ. ಗದುಗಿನ ನಾರಣಪ್ಪ ಇನ್ನೂ ಮುಂದೆ ಹೋಗಿ ತನ್ನ ಹೆಸರನ್ನೇ ಕುಮಾರವ್ಯಾಸ, ಅಂದರೆ ವ್ಯಾಸನ ಮಗ, ಎಂದಿಟ್ಟುಕೊಂಡ. 1031ರ ಸುಮಾರಿನಲ್ಲಿ ಕನ್ನಡದಲ್ಲಿ ಪಂಚತಂತ್ರ ಬರೆದ ದುರ್ಗಸಿಂಹನಂತೂ ನಮ್ಮ ಕಾಲದ ಪಿಎಚ್.ಡಿ. ವಿದ್ಯಾರ್ಥಿಯಷ್ಟೇ ಖಚಿತ. ಪಂಚತಂತ್ರವೆಂದರೆ ಎಲ್ಲರಿಗೂ ನೆನಪಾಗುವವನು ವಿಷ್ಣುಶರ್ಮ. ಆದರೆ ದುರ್ಗಸಿಂಹ ತಾನು ಆಧರಿಸಿದ್ದು ವಸುಭಾಗಭಟ್ಟನ ಪಂಚತಂತ್ರವನ್ನು ಎಂದು ಬೇರೆಯಾಗಿ ಹೇಳಿದ್ದಾನೆ.

ಹೆಸರು ಹೇಳುವುದರಿಂದ ಏನಾಗುತ್ತದೆ ಎಂಬುದಕ್ಕೆ ಕವಿರಾಜಮಾರ್ಗ ಸಾಕ್ಷಿ. ಒಂಬತ್ತನೆಯ ಶತಮಾನದ ಆ ಗ್ರಂಥ ತನಗಿಂತ ಹಿಂದಿನವರಾದ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಹೆಸರು ಹಿಡಿದು ನೆನೆಯುತ್ತದೆ. ಅವರ ಕನ್ನಡ ಕೃತಿ ಒಂದೂ ನಮಗೆ ಸಿಕ್ಕಿಲ್ಲ. ಓಲೆಗರಿಗಳು ಹೋದವು, ಹೆಸರು ಉಳಿಯಿತು, ಮುಂದೆ ಬಂದವರೊಬ್ಬರು ಹೇಳಿದ್ದರಿಂದ. ಕೃತಜ್ಞ ಎಂಬ ಪದವನ್ನು ಬಿಡಿಸಿದರೆ 'ಮಾಡಿದ್ದನ್ನು ಅರಿತವನು' ಎಂದಾಗುತ್ತದೆ. ಉಪಕಾರ ತೀರಿಸುವುದು ಆಮೇಲಿನ ಮಾತು, ಅದನ್ನು ಬಲ್ಲೆ ಎನ್ನುವುದೇ ಕೃತಜ್ಞತೆ.

ಹೆಸರು ಹೇಳದೆ ಹೋದಾಗ ಮರೆಗೆ ಸರಿಯುವವರಲ್ಲಿ ಹೆಂಗಸರು ಬಹಳ. ನಮ್ಮ ಶಾಲೆಯ ವಿಜ್ಞಾನದ ಟೀಚರ್ ಒಮ್ಮೆ ರೊಸಾಲಿಂಡ್ ಫ್ರಾಂಕ್ಲಿನ್ ಕಥೆ ಹೇಳಿದರು. 1952ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಅವಳ ಮಾರ್ಗದರ್ಶನದಲ್ಲಿ ಡಿಎನ್‌ಎಯ ಒಂದು ಎಕ್ಸ್‌ರೇ ಚಿತ್ರ ತೆಗೆಯಲಾಯಿತು. 1953ರ ಜನವರಿಯಲ್ಲಿ ಅವಳ ಸಹೋದ್ಯೋಗಿ ಅದನ್ನು ಅವಳಿಗೆ ತಿಳಿಸದೆ ವಾಟ್ಸನ್‌ಗೆ ತೋರಿಸಿದರು. ಏಪ್ರಿಲಿನಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆಯನ್ನು ಪ್ರಕಟಿಸಿದರು. ಲೇಖನದ ಕೊನೆಯಲ್ಲಿ ಅವಳ ಹೆಸರೇನೋ ಒಂದು ವಾಕ್ಯದಲ್ಲಿ ಬಂತು, ಆದರೆ ಆ ಚಿತ್ರ ಕಂಡ ಮಾತು ಬರಲಿಲ್ಲ. 1958ರಲ್ಲಿ, 37ನೆಯ ವಯಸ್ಸಿನಲ್ಲಿ, ಅವಳು ತೀರಿಕೊಂಡಳು. 1962ರಲ್ಲಿ ನೊಬೆಲ್ ಬಂದದ್ದು ಮೂವರು ಗಂಡಸರಿಗೆ. ಚಿತ್ರ ಕಂಡ ಕಥೆಯನ್ನು ವಾಟ್ಸನ್ ತಮ್ಮ ಪುಸ್ತಕದಲ್ಲಿ ಬರೆದದ್ದು 1968ರಲ್ಲಿ. ಅಷ್ಟು ಹೊತ್ತಿಗೆ ಕೇಳಿಸಿಕೊಳ್ಳಲು ಅವಳಿರಲಿಲ್ಲ. ಇದನ್ನು ಕೇಳಿದ ರಾತ್ರಿ ನನಗೆ ಹಾಸ್ಟೆಲಿನ ಆ ಅರ್ಧ ತೆರೆದ ಬಾಗಿಲು ಕಣ್ಣಮುಂದೆ ಬಂತು.

ಈಗ ಇದಕ್ಕೆಲ್ಲ ಕಾನೂನು ಬಂದಿದೆ ಎನ್ನುತ್ತೀರಿ. ನಿಜ. ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ನಿಯಮ ಮಾಡಿತು. ಮಹಾಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡವಿಲ್ಲ. 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ್ದನ್ನೂ ಸಲ್ಲಿಸುವಂತಿಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಪಿಎಚ್.ಡಿ. ಮಾಡುತ್ತಿರುವ ನಮ್ಮ ಅಕ್ಕನ ಮಗಳು, "ನಂದು ಎಂಟಕ್ಕೆ ಇಳೀತು ಚಿಕ್ಕಮ್ಮ" ಎಂದು ಫೋನಿನಲ್ಲಿ ಸಂಭ್ರಮಪಟ್ಟಳು. ಯಾರಿಗೋ ಜ್ವರ ಇಳಿದ ಹಾಗಿತ್ತು ಆ ಮಾತು. ಹೇಗೆ ಇಳಿಯಿತು ಎಂದರೆ, "ಪದಗಳನ್ನು ಬದಲಾಯಿಸಿದೆ" ಎಂದಳು. ನಾನು ನಲವತ್ತನ್ನು ನಲವತ್ತೆರಡು ಮಾಡಿದ ಹಾಗೆ.

ನಿಯಮ ಬೇಡವೆನ್ನುವುದಿಲ್ಲ. ಆದರೆ ಒಂದು ಸಂಗತಿ ಗಮನಿಸಿ. ಇಂಥವರ ಮಾತು ಎಂದು ಸರಿಯಾಗಿ ಸೂಚಿಸಿ ಎತ್ತಿಕೊಂಡದ್ದನ್ನು ಆ ನಿಯಮ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂದರೆ ಪಡೆಯುವುದು ತಪ್ಪಲ್ಲ, ಬಚ್ಚಿಡುವುದು ತಪ್ಪು. ಹೋಲುವ ಪದಗಳನ್ನು ಯಂತ್ರ ಹಿಡಿದೀತು. ಪದ ಬದಲಾಯಿಸಿ ಎತ್ತಿಕೊಂಡ ವಿಚಾರವನ್ನು, ಇನ್ನೊಬ್ಬಳು ನಿದ್ದೆಗೆಟ್ಟು ಎಣಿಸಿದ ತಪ್ಪುಗಳ ಪಟ್ಟಿಯನ್ನು ಹಿಡಿಯಬೇಕಾದವರು ನಾವೇ. ಕೇಳಿದ್ದನ್ನೆಲ್ಲ ಹೊಸದಾಗಿ ಬರೆದುಕೊಡುವ ಯಂತ್ರಗಳೂ ಬಂದಿರುವ ಈ ಕಾಲದಲ್ಲಿ ಈ ಮಾತು ಇನ್ನೂ ನಿಜ.

ನಮ್ಮ ಬಿ.ಇಡ್. ತಂಡದವರು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಅವಳ ನಂಬರು ಅಲ್ಲಿ ಎಷ್ಟೋ ದಿನದಿಂದ ಇತ್ತು. ಆ ಕೆರೆಯ ಪ್ರಬಂಧ ಓದಿದ ವಾರ ಧೈರ್ಯ ಮಾಡಿ ಫೋನ್ ಮಾಡಿದೆ. ಮಕ್ಕಳು, ಮೊಮ್ಮಕ್ಕಳು, ಮಂಡಿನೋವು ಎಲ್ಲ ಮುಗಿದ ಮೇಲೆ ವಿಷಯಕ್ಕೆ ಬಂದೆ. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡದ್ದನ್ನೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಮರೆತುಬಿಟ್ಟಿದ್ದೀನಿ ಅಂದ್ರೆ ಸುಳ್ಳಾಗುತ್ತೆ" ಎಂದಳು ಕೊನೆಗೆ. "ನೀನು ಅಲ್ಲೇ ನಿಂತಿದ್ದು ನಂಗೂ ಕಾಣಿಸ್ತಿತ್ತು."

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಂಗೈ ಹಿಡಿಯುವ ಉಪಾಯವನ್ನು ನನ್ನದೆಂಬಂತೆ ಇಷ್ಟು ವರ್ಷ ಹೇಳಿಕೊಟ್ಟದ್ದಕ್ಕೆ ಕ್ಷಮೆ ಕೇಳಿದೆ. ಆಗ ಅವಳ ದನಿ ಸ್ವಲ್ಪ ಸಡಿಲವಾಯಿತು. "ಅದು ನಂದಲ್ಲ ಕಣೇ. ನಮ್ಮೂರ ಸ್ಕೂಲಿನ ಮೇಷ್ಟ್ರು ಹಾಗೆ ಹೇಳಿಕೊಡ್ತಿದ್ರು. ನಾನೂ ರೆಕಾರ್ಡಿನಲ್ಲಿ ಅವರ ಹೆಸರು ಬರೀಲಿಲ್ಲ ನೋಡು. ಬರೀಬೇಕು ಅಂತ ಹೊಳೀಲೇ ಇಲ್ಲ" ಎಂದಳು. ಅವಳ ಈ ಮಾತಿನಿಂದ ನನ್ನ ತಪ್ಪೇನೂ ಹಗುರಾಗಲಿಲ್ಲ. ಆದರೆ ಈಗ ತರಗತಿಯಲ್ಲಿ ಮಹಾಪ್ರಾಣ ಹೇಳಿಕೊಡುವಾಗ ಮೊದಲು ಗೆಳತಿಯ ಹೆಸರು, ಆಮೇಲೆ ಅವಳ ಮೇಷ್ಟರ ಹೆಸರು ಹೇಳುತ್ತೇನೆ. ಅರ್ಧ ನಿಮಿಷದ ಕೆಲಸ.

ಆ ಹುಡುಗಿಗೆ ಪ್ರಬಂಧ ವಾಪಸು ಕೊಟ್ಟು, "ನಮ್ಮೂರ ಕೆರೆ ತುಂಬಿದ್ದನ್ನು ಕಂಡವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ? ಅವರನ್ನು ಕೇಳು. ಅವರು ಹೇಳಿದ್ದನ್ನು ಬರಿ, ಅವರು ಹೇಳಿದರು ಅಂತಲೂ ಬರಿ" ಎಂದೆ. ನಾಲ್ಕು ದಿನ ಬಿಟ್ಟು ಸ್ಟಾಫ್‌ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಎಲ್ಲ ಅಜ್ಜಿ ಹೇಳಿದ್ದು ಮೇಡಂ. ಅಜ್ಜಿ ಹೆಸರು ಬರೀಬಹುದಾ? ಅವಳ ಹೆಸರು ರೇಷನ್ ಕಾರ್ಡಲ್ಲಿ ಬಿಟ್ಟು ಬೇರೆಲ್ಲೂ ಬರೆದಿಲ್ಲ."

ಬರೆಯಬಹುದು ಎಂದೆ. ಈ ಸಲದ ಪ್ರಬಂಧ ಎರಡೇ ಪುಟ, ಕಾಗುಣಿತದ ತಪ್ಪುಗಳು ಏಳು. ಕೆರೆ ಕೋಡಿ ಬಿದ್ದ ವರ್ಷ ಅಜ್ಜಿ ಮದುವೆಯಾಗಿ ಈ ಊರಿಗೆ ಬಂದದ್ದು, ಏರಿಯ ಮೇಲೆ ಗಾಡಿ ನಿಲ್ಲಿಸಿ ನೀರು ನೋಡಿದ್ದು, ಆ ಕೆರೆಯ ನೀರಲ್ಲಿ ಬೇಳೆ ಬೇಗ ಬೇಯುತ್ತಿದ್ದುದು, ಎಲ್ಲ ಅದರಲ್ಲಿತ್ತು. ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ಆದರೆ ಮೊದಲ ಸಾಲಿನಲ್ಲೇ ಅಜ್ಜಿಯ ಹೆಸರಿತ್ತು, ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದಿದ್ದಳು.